ಜಾಡಿನ ಮಟ್ಟ ಸೊನ್ನೆ

ಶಮಕ ಧರಿಸಿದವರ ಸಂಖ್ಯೆ ಆ ಸೋಮವಾರಕ್ಕೆ ಮೂರು ಸಾವಿರದ ಇನ್ನೂರ ಹನ್ನೆರಡು. ಎರಡು ವರ್ಷಗಳಲ್ಲಿ ಬಂದ ದೂರುಗಳ ಸಂಖ್ಯೆ ಒಂದು. ಆ ಒಂದು ದೂರನ್ನೂ ಧರಿಸಿದ ವ್ಯಕ್ತಿ ಕೊಟ್ಟಿರಲಿಲ್ಲ. ನಮ್ಮ ಚಿಕಿತ್ಸಾಲಯದ ನರ್ಸ್ ಬರೆದು ಕಳಿಸಿದ್ದರು.

"ಶ್ರೀ ಬಸಲಿಂಗಪ್ಪ ಸೊಗಲದ, ವಯಸ್ಸು ಅರವತ್ತೇಳು, ನಿವೃತ್ತ ಚಿತ್ರಕಲಾ ಶಿಕ್ಷಕರು. ಹೊಸದಾಗಿ ಆರಂಭಿಸಿದ ವಾರ್ಷಿಕ ತಪಾಸಣೆಗೆ ಬಂದ ಮೊದಲಿಗರು. ಸಾಧನವನ್ನು ಬೆಂಚಿಗೆ ಜೋಡಿಸಿದ ಹತ್ತನೆಯ ನಿಮಿಷದಲ್ಲಿ ಅಳಲು ಆರಂಭಿಸಿದರು. ಇಪ್ಪತ್ತನೆಯ ನಿಮಿಷದಲ್ಲಿ ಕೇಬಲ್ ತೆಗೆದೆವು. ಅಳು ನಿಂತಿತು. ದಯವಿಟ್ಟು ಬೆಂಚನ್ನು ಪರಿಶೀಲಿಸಿ."

ಬೆಂಚು ಎಂದರೆ ಒಂದು ಮೇಜು, ಒಂದು ಕಂಪ್ಯೂಟರ್, ಸಾಧನವನ್ನು ಚರ್ಮದ ಮೇಲಿಂದಲೇ ಅದಕ್ಕೆ ಕೂಡಿಸುವ ಒಂದು ಕಪ್ಪು ಕೇಬಲ್. ಧಾರವಾಡದ ಹೊರವಲಯದಲ್ಲಿರುವ ನಮ್ಮ ಸಂಸ್ಥೆಯಲ್ಲಿ ಅಂಥವು ನಾಲ್ಕಿವೆ. ನಾನು, ನಾಗವೇಣಿ ಮುಳಗುಂದ, ಶಮಕದ ಕೋಡ್ ಬರೆದ ಇಬ್ಬರಲ್ಲಿ ಒಬ್ಬಳು. ಇನ್ನೊಬ್ಬರು ರಿಯಾಜ್ ನದಾಫ್. ದೂರಿನ ಪ್ರತಿ ನಮ್ಮಿಬ್ಬರಿಗೂ ಬಂದಿತ್ತು.

ಶಮಕ ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರುವ ಒಂದು ಬಿಲ್ಲೆ; ಗಾತ್ರದಲ್ಲಿ ಅಂಗಿಯ ಗುಂಡಿಯಷ್ಟು. ಹತ್ತಿರದವರನ್ನು ಕಳೆದುಕೊಂಡು ಅನ್ನ ನಿದ್ರೆ ಎರಡನ್ನೂ ಬಿಟ್ಟವರಿಗಾಗಿ ಅದನ್ನು ರೂಪಿಸಲಾಗಿದೆ. ಅದು ಎರಡೇ ಕೆಲಸ ಮಾಡುತ್ತದೆ. ಭಾವದ ಉಬ್ಬರ ಒಂದು ಗೆರೆಯನ್ನು ದಾಟಿದಾಗ ಸಣ್ಣ ವಿದ್ಯುತ್ ಸ್ಪಂದನದಿಂದ ನರವನ್ನು ಒಂದು ಮೆಟ್ಟಿಲು ತಗ್ಗಿಸುತ್ತದೆ. ವ್ಯಕ್ತಿ ಶಾಂತವಾಗಿರುವ ಹೊತ್ತಿನಲ್ಲಿ ಬೇರೊಂದು ಬಗೆಯ ಸ್ಪಂದನದಿಂದ ಆ ಮೆಟ್ಟಿಲನ್ನು ಮರಳಿ ಬಿಡುತ್ತದೆ; ನರ ಮತ್ತೆ ಒಂದು ಮೆಟ್ಟಿಲು ಮೇಲೆ ಬರುತ್ತದೆ. ದುಃಖವನ್ನು ಇಲ್ಲವಾಗಿಸುವುದು ನಮ್ಮ ಉದ್ದೇಶವಾಗಿರಲಿಲ್ಲ. ಒಂದೇ ಸಲಕ್ಕೆ ನುಂಗಲಾಗದ್ದನ್ನು ತುತ್ತು ತುತ್ತಾಗಿ ಕೊಡುವುದು ಉದ್ದೇಶವಾಗಿತ್ತು. ಬಿಲ್ಲೆಯನ್ನು ಕಿತ್ತರೂ ನರ ಕಲಿತದ್ದನ್ನು ತಾನಾಗಿ ಮರೆಯುವುದಿಲ್ಲ. ಮರೆಸಲು ಬಿಡುವ ಸ್ಪಂದನವೇ ಬೇಕು.

ರಿಯಾಜ್ ಮೊದಲ ದಿನವೇ ಕೇಬಲನ್ನು ದೂರಿದರು. "ಕೇಬಲ್ಲ ಐತ್ರೀ ಮೇಡಂ. ನೋಡ್ರಿ ಇಲ್ಲಿ, ಮಾಸ್ತರು ಕುಂತಾಗ ತಗ್ಗಿಸಿದ ಮೆಟ್ಟಿಲಿನ ಸಂಖ್ಯೆ ಮುನ್ನೂರ ಎಂಬತ್ತೆಂಟು ಅಂತ ಬಂದೈತಿ. ಹನ್ನೆರಡರ ಮ್ಯಾಲ ಹೋಗೂದ ಇಲ್ಲ ಅದು. ಆಮ್ಯಾಲ ಇಳಕೋತ, ಇಳಕೋತ ಇನ್ನೂರ ಅರವತ್ತೆಂಟಕ್ಕ ಬಂತು. ಇಂಥಾ ಸಂಖ್ಯೆ ಹುಚ್ಚು ಹಿಡದ ಕೇಬಲ್ ಮಾತ್ರ ಕೊಡತೈತಿ."

"ಕೇಬಲ್ ಬದಲಿಸಿ ನೋಡಿದಿರಾ?"

"ಮೂರು ಬದಲಿಸೀನಿ. ನಾಲ್ಕನೇದಕ್ಕ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟೂದೊಂದ ಉಳದೈತಿ."

ಅವರು ನಕ್ಕರು. ನಾನು ನಗಬೇಕಾದ ಜಾಗ ಅದು ಎಂದು ನನಗೆ ತಿಳಿಯಿತು. ಹಾಗಾಗಿ ತುಟಿಗಳನ್ನು ಅಗಲಿಸಿದೆ. ಆ ದಿನಗಳಲ್ಲಿ ನಾನು ನಗುತ್ತಿದ್ದುದು ಹಾಗೆ.

ಸಂಜೆ ಮನೆಗೆ ಹೋದೆ. ಮನೆಯಲ್ಲಿ ನಾವಿಬ್ಬರು: ಅವ್ವ ಮತ್ತು ನಾನು. ಹದಿನಾಲ್ಕು ತಿಂಗಳ ಹಿಂದಿನವರೆಗೆ ಮೂವರಿದ್ದೆವು. ಇಂದುಮತಿ ಅಕ್ಕ ನಗರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಒಂದು ಮಧ್ಯಾಹ್ನ, ಮೂವತ್ತಾರನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತನಾಳ ಒಡೆದು, ಬಸ್ಸಿನ ಮೆಟ್ಟಿಲಿನ ಮೇಲೆಯೇ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ. ಆಮೇಲೆ ಒಂಬತ್ತು ದಿನ ನಾನು ನೀರಿನ ಹೊರತು ಏನನ್ನೂ ನುಂಗಲಿಲ್ಲ. ಹತ್ತನೆಯ ದಿನ ನಮ್ಮ ಸಂಸ್ಥೆಯ ಡಾಕ್ಟರ್ ಪ್ರಭಾವತಿ ಇನಾಮದಾರ ನನಗೆ ಶಮಕ ಹಾಕಿದರು. ಹನ್ನೊಂದನೆಯ ದಿನ ನಾನು ಅನ್ನ ಉಂಡೆ. ಹದಿನೈದನೆಯ ದಿನ ಕೆಲಸಕ್ಕೆ ಹೋದೆ. ಈ ವಿಷಯ ಡಾಕ್ಟರಿಗೆ, ಅವ್ವನಿಗೆ, ನನಗೆ ಮಾತ್ರ ಗೊತ್ತಿತ್ತು.

ಅವ್ವ ತನಗೆ ಶಮಕ ಬೇಡವೆಂದಿದ್ದಳು. ಐದು ತಿಂಗಳು ಅತ್ತಳು. ಪಾತ್ರೆ ತೊಳೆಯುವಾಗ ಅತ್ತಳು, ಜೋಳ ಹಸನು ಮಾಡುವಾಗ ಅತ್ತಳು, ಓಣಿಯಲ್ಲಿ ನಿಂತು ಅತ್ತಳು. ಆರನೆಯ ತಿಂಗಳು ಪಕ್ಕದ ಮನೆಯವರೊಂದಿಗೆ ನಲ್ಲಿಯ ಪಾಳಿಗಾಗಿ ಜಗಳವಾಡಿದಳು. ಈಗ ಧಾರಾವಾಹಿ ನೋಡುತ್ತ ಅದರೊಳಗಿನ ಸೊಸೆಯರಿಗೆ ಬುದ್ಧಿ ಹೇಳುತ್ತಾಳೆ.

"ಇವತ್ತೇನಾತು?" ಅವ್ವ ಕೇಳಿದಳು. ದಿನವೂ ಕೇಳುತ್ತಾಳೆ.

"ಒಬ್ಬ ಮಾಸ್ತರು ಬೆಂಚಿಗೆ ಜೋಡಿಸಿದಾಗ ಅತ್ತಬಿಟ್ರು. ಕಾರಣ ಹುಡುಕಾಕತ್ತೀವಿ. ಕೇಬಲ್ ಇರಬೇಕು."

ಅವ್ವ ತಟ್ಟೆಗೆ ಪಲ್ಯ ಬಡಿಸುತ್ತಿದ್ದವಳು ನಿಲ್ಲಿಸಿದಳು. "ಮನಶ್ಯಾ ಅತ್ರ, ಯಾಕ ಅತ್ತಿ ಅಂತ ಮನಶ್ಯಾನ್ನ ಕೇಳ್ತಾರ. ನೀವು ಕೇಬಲ್ಲಿಗೆ ಕೇಳಾಕತ್ತೀರಿ?"

ಅದು ಚುಚ್ಚುಮಾತಾಗಿತ್ತು. ಆದರೆ ಅದರಲ್ಲಿ ಒಂದು ಕ್ರಮದೋಷದ ಉಲ್ಲೇಖವೂ ಇತ್ತು: ಪರಿಶೀಲನೆಯ ಪಟ್ಟಿಯಲ್ಲಿ ರೋಗಿಯ ಹೇಳಿಕೆ ಎಂಬ ಅಂಶ ಇರಲಿಲ್ಲ. ನಾನು ಅದನ್ನು ಸೇರಿಸಿದೆ.

ಮರುದಿನ ಸೊಗಲದ ಮಾಸ್ತರರನ್ನು ಕರೆಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಅವರ ಗಮನಕ್ಕೆ ಅದು ಬಂದಿತ್ತು ಎಂದು ಅವರು ಕಾಲರನ್ನು ಮುಟ್ಟಿಕೊಂಡ ರೀತಿಯಿಂದ ತಿಳಿಯಿತು, ಸರಿಪಡಿಸಿಕೊಂಡಿರಲಿಲ್ಲ.

"ಸಾಧನದಿಂದ ತೊಂದರೆ ಏನಾದರೂ ಇದೆಯಾ ಸರ್?"

"ಇಲ್ಲ ತಂಗಿ. ಏನೂ ತ್ರಾಸಿಲ್ಲ. ಹೆಂಡತಿ ಹೋಗಿ ಹದಿಮೂರು ತಿಂಗಳಾತು. ಉಣ್ತೀನಿ, ಮಲಗ್ತೀನಿ, ಏಳತೀನಿ."

"ಚಿತ್ರ ಬರೀತೀರಾ?"

"ಕೈ ನಡೀತೈತಿ. ಬಣ್ಣ ಹಾಕೂದು ಮಾತ್ರ ಬಿಟ್ಟೀನಿ. ಯಾವ ಬಣ್ಣ ಹಾಕಿದ್ರೂ ಸರೀನ ಅನಸ್ತೈತಿ ನೋಡ್ರಿ. ಎಲ್ಲಾ ಸರಿ ಅಂದ್ಮ್ಯಾಲ ಹಾಕೂದು ಯಾಕ?"

"ಹಾಗಿದ್ದರೆ ದೂರು ಕೊಡಬಹುದಿತ್ತಲ್ಲ?"

"ಏನಂತ ಕೊಡಲಿ? ತ್ರಾಸ ಆಗವಲ್ತು ಅಂತ ಕೊಡಲೇನು?" ಅವರು ನೆಲ ನೋಡಿದರು. ಆಮೇಲೆ ಕೇಳಿದರು, "ತಂಗಿ, ಆವತ್ತು ಅದೊಂದು ಕರೀ ವಾಯರ್ ಹಚ್ಚಿದ್ರಲ್ಲ. ಇಪ್ಪತ್ತು ನಿಮಿಷ. ಆವಾಗ ಆಕಿ ಇಲ್ಲ ಅಂತ ನನಗ ಗೊತ್ತಾತು. ಅದನ್ನ ಇನ್ನೊಮ್ಮೆ ಹಚ್ಚತೀರೇನು?"

ನಾನು ಇಲ್ಲವೆಂದೆ. ಕೇಬಲ್ ದೋಷಯುಕ್ತವಾಗಿರಬಹುದು ಎಂದೆ.

"ಇರಲಿ," ಎಂದು ಅವರು ಎದ್ದರು. ಒತ್ತಾಯಿಸಲಿಲ್ಲ. ಒತ್ತಾಯಿಸಲು ಬೇಕಾದಷ್ಟು ಆಸೆ ಅವರಲ್ಲಿ ಇರಲಿಲ್ಲ. ಕೇಳುವಷ್ಟು ಮಾತ್ರ ಇತ್ತು.

ಅವರು ಹೋದ ಮೇಲೆ ನಾನು ಒಂದು ಹಾಳೆಯ ಮೇಲೆ ಎರಡು ಅಂಕಣ ಮಾಡಿದೆ. ಬೆಂಚಿನ ಮೇಲೆ ಸಾಧನ ಹೇಗಿರುತ್ತದೆ, ಮನೆಯಲ್ಲಿ ಹೇಗಿರುತ್ತದೆ. ಬ್ಯಾಟರಿ ಅದೇ. ಕೋಡ್ ಅದೇ. ಬೆಂಚಿನಲ್ಲಿ ಕಾಲವನ್ನು ವೇಗಗೊಳಿಸಿರುತ್ತೇವೆ. ಗಂಟೆಗೊಂದು ಮೆಟ್ಟಿಲು ಬಿಡುವ ಬದಲು ಹತ್ತು ಸೆಕೆಂಡಿಗೊಂದು. ಅದನ್ನು ಬರೆದುಕೊಂಡೆ. ಇಪ್ಪತ್ತು ನಿಮಿಷಕ್ಕೆ ನೂರಿಪ್ಪತ್ತು ಮೆಟ್ಟಿಲು. ಮುನ್ನೂರ ಎಂಬತ್ತೆಂಟರಲ್ಲಿ ನೂರಿಪ್ಪತ್ತು ಕಳೆದರೆ ಇನ್ನೂರ ಅರವತ್ತೆಂಟು.

ಕೇಬಲ್ ಸರಿಯಾಗಿಯೇ ಇತ್ತು. ಸಂಖ್ಯೆಗಳೂ ಸರಿಯಾಗಿದ್ದವು. ಬೆಂಚಿನ ಮೇಲೆ ಕೂತಿದ್ದ ಇಪ್ಪತ್ತು ನಿಮಿಷ ಆ ಸಾಧನ ತಾನು ಮಾಡಬೇಕಾದ ಕೆಲಸವನ್ನು ಮಾಡಿತ್ತು. ಉಳಿದ ಹದಿಮೂರು ತಿಂಗಳು ಮಾಡಿರಲಿಲ್ಲ.

ಅಂಕಣಗಳಲ್ಲಿ ಉಳಿದ ವ್ಯತ್ಯಾಸ ಒಂದೇ: ಜಾಡು.

ಇದನ್ನು ವಿವರಿಸಬೇಕು. ಕೋಡ್ ಬರೆಯುವವರು ನಡುನಡುವೆ ಸಣ್ಣ ಸಂದೇಶಗಳನ್ನು ಇಡುತ್ತಾರೆ: "ಇಲ್ಲಿಯವರೆಗೆ ಬಂದೆ", "ಈಗ ಅಳತೆ ಇಷ್ಟು", "ಈಗ ಈ ಕೆಲಸ ಮಾಡಿದೆ". ಸಾಧನ ಓಡುವಾಗ ಈ ಸಾಲುಗಳು ಪರದೆಯ ಮೇಲೆ ಒಂದರ ಕೆಳಗೊಂದು ಮೂಡುತ್ತವೆ. ತಪ್ಪು ಎಲ್ಲಾಯಿತೆಂದು ಆ ಹೆಜ್ಜೆ ಗುರುತುಗಳನ್ನು ಹಿಡಿದು ಹುಡುಕಬಹುದು. ನಾವು ಅವನ್ನು ಜಾಡಿನ ಸಾಲುಗಳು ಎನ್ನುತ್ತೇವೆ. ಸಾಧನ ರೋಗಿಯ ಕಿವಿಯ ಹಿಂದೆ ಹೋದ ಮೇಲೆ ಅವನ್ನು ಓದುವವರಿಲ್ಲ. ಬ್ಯಾಟರಿ ಮಾತ್ರ ಖರ್ಚಾಗುತ್ತದೆ. ಅದಕ್ಕಾಗಿ ಒಂದು ಸ್ವಿಚ್ಚು. ಮಟ್ಟ ಎರಡಕ್ಕಿಟ್ಟರೆ ಎಲ್ಲ ಸಾಲುಗಳೂ ಬರುತ್ತವೆ. ಸೊನ್ನೆಗಿಟ್ಟರೆ ಒಂದೂ ಬರುವುದಿಲ್ಲ. ಅವು ಇಲ್ಲವೇ ಇಲ್ಲವೆಂಬಂತೆ ಸಾಧನ ಮುಂದೆ ಸಾಗುತ್ತದೆ. ಇದಕ್ಕೆ ಒಂದೇ ನಿಯಮ: ಜಾಡಿನ ಸಾಲು ನೋಡಬೇಕು, ಮುಟ್ಟಬಾರದು. ನಮ್ಮ ಗೋಡೆಯ ಮೇಲೆ ಅಂಟಿಸಿರುವ ನಿಯಮಗಳ ಪಟ್ಟಿಯಲ್ಲಿ ಅದು ಏಳನೆಯದು. ಪಟ್ಟಿ ಬರೆದವಳು ನಾನು.

ಪ್ರಯೋಗಾಲಯದಲ್ಲಿ ನಾವು ಯಾರೂ ಜಾಡು ಮುಚ್ಚಿ ಕೆಲಸ ಮಾಡುವುದಿಲ್ಲ. ಸಾಲುಗಳು ಹರಿಯುತ್ತಿದ್ದರೆ ಸಾಧನ ಜೀವಂತವಾಗಿದೆ ಎನ್ನಿಸುತ್ತದೆ. ಮಟ್ಟ ಸೊನ್ನೆಯಲ್ಲಿ ನಾವು ಪರೀಕ್ಷೆ ನಡೆಸಿದ್ದು ಒಮ್ಮೆ ಮಾತ್ರ, ನಲವತ್ತೆಂಟು ಗಂಟೆ. ಆ ಅವಧಿಯಲ್ಲಿ ಮೆಟ್ಟಿಲುಗಳು ಮೂರನ್ನು ದಾಟಿರಲಿಲ್ಲ. ಮೂರು ಸಹಜವಾದ ಸಂಖ್ಯೆ.

ಮಧ್ಯಾಹ್ನ ಎರಡು ಗಂಟೆಗೆ ಕೋಡ್ ತೆರೆದೆ. ಎರಡೂ ಇಪ್ಪತ್ತಕ್ಕೆ ಆ ಸಾಲು ಸಿಕ್ಕಿತು. ಮೊದಲು ಅಲ್ಲಿ ಎರಡು ಸಾಲುಗಳಿದ್ದವು. ಒಂದನೆಯದು: ನರವನ್ನು ಒಂದು ಮೆಟ್ಟಿಲು ಬಿಡು, ಎಷ್ಟು ಬಿಟ್ಟೆ ಎಂಬುದನ್ನು ನೆನಪಿಡು. ಎರಡನೆಯದು: ಜಾಡು ತೆರೆದಿದ್ದರೆ ಆ ಅಳತೆಯನ್ನು ಬರೆ. ಯಾರೋ ಅವೆರಡನ್ನೂ ಕೂಡಿಸಿ ಒಂದು ಮಾಡಿದ್ದರು: ಜಾಡು ತೆರೆದಿದ್ದರೆ, ನರವನ್ನು ಒಂದು ಮೆಟ್ಟಿಲು ಬಿಟ್ಟು, ಎಷ್ಟು ಬಿಟ್ಟೆ ಎಂದು ಬರೆ.

ಓದಲು ಚೊಕ್ಕವಾಗಿತ್ತು. ಆದರೆ ಜಾಡು ಮುಚ್ಚಿದರೆ ಬರೆಯುವುದೂ ಇಲ್ಲ, ಬಿಡುವುದೂ ಇಲ್ಲ. ತಗ್ಗಿಸುವುದು ಮಾತ್ರ ಉಳಿಯುತ್ತದೆ. ಅಂದರೆ ದುಃಖ ಬಂದಾಗ ಒಂದು ಮೆಟ್ಟಿಲು ಕೆಳಗೆ. ಸಿಟ್ಟು ಬಂದಾಗ ಇನ್ನೊಂದು. ಶಮಕ ಉಬ್ಬರವನ್ನು ಅಳೆಯುತ್ತದೆ, ಅದು ಯಾವುದರ ಉಬ್ಬರ ಎಂದು ಕೇಳುವುದಿಲ್ಲ. ಆದ್ದರಿಂದ ಜೋರಾಗಿ ನಕ್ಕರೂ ಒಂದು. ಮೇಲೆ ಬರುವ ದಾರಿ ಇಲ್ಲ.

ಬದಲಾವಣೆಗಳ ದಾಖಲೆ ತೆರೆದೆ. ಎರಡು ವರ್ಷ ಎರಡು ತಿಂಗಳ ಹಿಂದೆ, ಒಂದು ಬುಧವಾರ. ಬದಲಿಸಿದವರು: ನಾ. ಮುಳಗುಂದ. ಷರಾ: ಅಂದಗಾಣಿಸಲಾಗಿದೆ. ಪರಿಶೀಲಿಸಿದವರು: ರಿ. ನದಾಫ್.

ಒಂದು ಹೊಸ ಸಾಧನವನ್ನು ಬೆಂಚಿಗೆ ಜೋಡಿಸಿ, ಮಟ್ಟ ಎರಡರಲ್ಲಿ ಓಡಿಸಿದೆ. ಬಿಟ್ಟಿತು. ಸೊನ್ನೆಯಲ್ಲಿ ಓಡಿಸಿದೆ. ಬಿಡಲಿಲ್ಲ. ಎರಡನ್ನೂ ಮೂರು ಮೂರು ಸಲ ಪುನರಾವರ್ತಿಸಿ, ಫಲಿತಾಂಶಗಳನ್ನು ಬರೆದು, ರಿಯಾಜ್ ಅವರನ್ನು ಕರೆದೆ.

ಅವರು ಪರದೆಯ ಮುಂದೆ ಬಾಗಿ ಓದಿದರು. ಇನ್ನೊಮ್ಮೆ ಓದಿದರು. ಹಿಂದೆ ಸರಿದು ಕುರ್ಚಿಯಲ್ಲಿ ಕೂತರು.

"ಇದಕ್ಕ ಸಹಿ ಹಾಕಿದಾಂವ ನಾನ ರೀ."

"ಹೌದು. ಬರೆದವಳು ನಾನು."

"ಮೂರು ಸಾವಿರ ಮಂದಿ, ಮೇಡಂ. ಮೂರು ಸಾವಿರ ಮಂದೀನ್ನ ನಾವು…" ಅವರು ಮತ್ತೆ ಪರದೆಯ ಮೇಲಿನ ತಮ್ಮ ಹೆಸರನ್ನು ನೋಡಿದರು. "ನೀವು ಹೆಂಗ ಇಷ್ಟು ತಣ್ಣಗ ಕುಂತೀರಿ? ಏನೂ ಅನಸವಲ್ತೇನು ನಿಮಗ?"

ನಾನು ಬಲಗಿವಿಯ ಹಿಂದಿನ ಕೂದಲನ್ನು ಎತ್ತಿ ತೋರಿಸಿದೆ.

ರಿಯಾಜ್ ಎದ್ದು ಬಂದು ಬಿಲ್ಲೆಯ ಗುರುತನ್ನು ನೋಡಿದರು. "ಎಂದಿನಿಂದ?"

"ಹದಿನಾಲ್ಕು ತಿಂಗಳು."

"ದಿನಾ ನಿಮ್ಮ ಎದುರಿಗೆ ಕುಂತು ಡಬ್ಬಿ ಬಿಚ್ಚತೀನಿ. ನನ್ನ ಹಾಸ್ಯಾನ ಹಳಸ್ಯಾವು, ಅದಕ್ಕ ನಗವಲ್ರು ಅಂತ ತಿಳದಿದ್ದೆ." ಅವರು ಕಣ್ಣೊರೆಸಿಕೊಂಡರು. "ಮನ್ಯಾಗ ಹೆಂಡತಿ ಮುಂದ ಹೇಳಿ ಬೈಸ್ಕೊಂಡಿದ್ದೆ, ನಾಗವೇಣಿ ಮೇಡಂಗ ಸೊಕ್ಕು ಬಂದೈತಿ ಅಂತ."

ನನ್ನ ಸಾಧನವನ್ನು ಬೆಂಚಿಗೆ ಜೋಡಿಸಿ, ಜಾಡನ್ನು ಸೊನ್ನೆಯಲ್ಲಿಯೇ ಇಟ್ಟು, ಸಂಖ್ಯೆಯನ್ನು ಮಾತ್ರ ಓದಿಸಿದೆವು. ನಾನೂರ ಹನ್ನೊಂದು.

ಡಾಕ್ಟರ್ ಇನಾಮದಾರ ಅವರ ಕೋಣೆಯಲ್ಲಿ ಗುರುವಾರ ಬೆಳಿಗ್ಗೆ ಸಭೆ ಸೇರಿತು. ನಾವು ಮೂವರೇ. ಅವರು ವರದಿಯನ್ನು ಓದಿ, ಕನ್ನಡಕ ತೆಗೆದಿಟ್ಟರು.

"ಎರಡು ವರ್ಷ ನಾನು ಎಲ್ಲ ಕಡೆ ಹೇಳಿಕೊಂಡು ಬಂದೆ, ನಮಗೆ ಒಂದೂ ದೂರಿಲ್ಲ ಅಂತ."

"ದೂರು ಕೊಡಲು ಏನು ಬೇಕೋ ಅದನ್ನೇ ನಾವು ತಗ್ಗಿಸಿದ್ದೆವು, ಡಾಕ್ಟರ್," ಎಂದೆ.

ತಿದ್ದುವುದು ಸುಲಭ. ಒಂದು ಸಾಲನ್ನು ಮತ್ತೆ ಎರಡು ಮಾಡಿದರಾಯಿತು. ಕಷ್ಟವಿದ್ದದ್ದು ಮರಳಿ ಬಿಡುವುದರಲ್ಲಿ. ಹನ್ನೆರಡು ಮೆಟ್ಟಿಲುಗಳಿಗಾಗಿ ಕಟ್ಟಿದ ವ್ಯವಸ್ಥೆಯಲ್ಲಿ ನಾನೂರು ಮೆಟ್ಟಿಲು ಇಳಿದವರನ್ನು ಮೇಲೆ ತರುವಾಗ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಬೆಂಚಿನ ವೇಗದಲ್ಲಿ ಸೊಗಲದ ಮಾಸ್ತರರ ನಾಡಿ ನೂರ ನಲವತ್ತಕ್ಕೆ ಏರಿತ್ತು. ವೇಗ ಎಷ್ಟಿರಬೇಕೆಂದು ತಿಳಿಯಲು ಯಾರಾದರೂ ಮೊದಲು ಮೇಲೆ ಬರಬೇಕಿತ್ತು.

"ನಾನು ಬರುತ್ತೇನೆ," ಎಂದೆ. "ಮೆಟ್ಟಿಲುಗಳು ಹೆಚ್ಚಿವೆ, ಕೋಡ್ ಗೊತ್ತಿದೆ, ಟಿಪ್ಪಣಿ ಸರಿಯಾಗಿ ಬರೆಯಬಲ್ಲೆ."

ಡಾಕ್ಟರ್ ಒಪ್ಪಿಗೆಯ ಅರ್ಜಿಯನ್ನು ನನ್ನ ಮುಂದಿಟ್ಟರು. ಹೆಸರು, ವಯಸ್ಸು, ಸಾಧನದ ಸಂಖ್ಯೆ ತುಂಬಿದೆ. ನಾಲ್ಕನೆಯ ಪ್ರಶ್ನೆ: ಈ ಪ್ರಯೋಗ ನಿಮಗೆ ಬೇಕೆ? ಅದರ ಎದುರು ಎರಡು ಚೌಕಗಳು. ನನ್ನ ಪೆನ್ನು ಅಲ್ಲಿ ನಿಂತಿತು. ಬೇಕು ಎಂದು ಬರೆದರೆ ಸುಳ್ಳಾಗುತ್ತಿತ್ತು. ಬೇಡ ಎಂದರೂ ಸುಳ್ಳೇ. ನನ್ನೊಳಗೆ ಹುಡುಕಿದೆ, ಎರಡೂ ಕಡೆ ಒಂದೇ ತೂಕವಿತ್ತು, ಆ ತೂಕ ಸೊನ್ನೆ.

"ಖಾಲಿ ಬಿಡಲೇ?"

"ಇಲ್ಲ," ಎಂದರು ಡಾಕ್ಟರ್. "ಇಚ್ಛೆ ಇಲ್ಲದ ಒಪ್ಪಿಗೆಯನ್ನು ನಾನು ತೆಗೆದುಕೊಳ್ಳಲಾರೆ. ಮನೆಗೆ ಹೋಗು. ಉತ್ತರ ತೆಗೆದುಕೊಂಡು ಬಾ."

ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಎರಡು ಸಾಲು ಒಂದಾದದ್ದು, ಜಾಡು ಮುಚ್ಚಿದ್ದು, ನಾನೂರ ಹನ್ನೊಂದು ಮೆಟ್ಟಿಲು. ಅವ್ವನ ಕೈ ಒಂದೇ ಲಯದಲ್ಲಿ ತಟ್ಟುತ್ತಲೇ ಇತ್ತು.

"ಅಂದ್ರ ನೀ ಅಕ್ಕನ ಸಲುವಾಗಿ ಅಳದಿದ್ದದ್ದು ನಿನ್ನ ಕಲ್ಲು ಮನಸ್ಸಿನಿಂದಲ್ಲ."

"ಅಲ್ಲ."

"ನಾನು ವರ್ಷಪೂರ್ತಿ ನಿನ್ನ ಬೈಕೋತ ಬಂದೆ. ಒಳಗ, ಬಾಯಿಬಿಟ್ಟಲ್ಲ." ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಈಗ ಮತ್ತ ಸರಿ ಮಾಡ್ತಾರೇನು?"

"ಮಾಡಬಹುದು. ಒಬ್ಬರ ಮ್ಯಾಲೂ ಇನ್ನೂ ಮಾಡಿಲ್ಲ. ಎದಿ ಬಡಿತ ಜೋರಾಗಬಹುದು."

"ಅಪಾಯ ಐತೇನು?"

"ಐತಿ. ಎಷ್ಟು ಅಂತ ಗೊತ್ತಿಲ್ಲ."

ರೊಟ್ಟಿ ಒಂದು ಬದಿ ಕರಿಯಾಯಿತು. ಅವ್ವ ಅದನ್ನು ತಿರುವಲಿಲ್ಲ. ಒಲೆ ಆರಿಸಿ, ನನ್ನೆದುರು ಬಂದು ನೆಲದ ಮೇಲೆ ಕೂತಳು. ಕೈಗೆ ಹಿಟ್ಟು ಮೆತ್ತಿತ್ತು.

"ನಿನಗ ಬೇಕೇನು ನಾಗಿ?"

"ಬೇಕು ಅನಸೂದಿಲ್ಲವ್ವಾ. ಬ್ಯಾಡ ಅಂತನೂ ಅನಸೂದಿಲ್ಲ. ಅದ ದೋಷ."

"ಹಂಗಾರ ನನಗ ಬೇಕು." ಅವ್ವ ನನ್ನ ಮೊಣಕಾಲನ್ನು ಹಿಡಿದಳು. "ಒಬ್ಬಾಕಿ ಬಸ್ಸಿನ್ಯಾಗ ಹೋದ್ಲು. ಇನ್ನೊಬ್ಬಾಕಿ ಇಲ್ಲೇ ನನ್ನ ಮುಂದ ಕುಂತು ಹೋಗ್ಯಾಳ. ಹದಿನಾಲ್ಕು ತಿಂಗಳು ಎರಡು ಹೆಣ ಹೊತ್ತೀನಿ ನಾನು. ಹೆದರಿಕಿ ಐತಿ ನನಗ, ಇಲ್ಲ ಅನ್ನೂದಿಲ್ಲ. ಆದ್ರೂ ಬೇಕು."

ಅವಳು ಅಳುತ್ತಿದ್ದಳು. ನಾನು ನೋಡುತ್ತಿದ್ದೆ. ನನ್ನ ಮೊಣಕಾಲಿನ ಮೇಲೆ ಹಿಟ್ಟಿನ ಐದು ಗುರುತು ಮೂಡಿದ್ದವು.

ಶುಕ್ರವಾರ ನಾಲ್ಕನೆಯ ಪ್ರಶ್ನೆಯ ಎದುರು, ಚೌಕಗಳನ್ನು ಬಿಟ್ಟು, ಬದಿಯಲ್ಲಿ ಬರೆದೆ: "ಒಪ್ಪಿಗೆ ನನ್ನದು. ಇಚ್ಛೆ ನನ್ನ ತಾಯಿಯದು." ಡಾಕ್ಟರ್ ಅದನ್ನು ಓದಿ, ಕೆಳಗೆ ಸಹಿ ಹಾಕಿದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆರಂಭಿಸಿದೆವು. ತಿದ್ದಿದ ಕೋಡ್. ಜಾಡಿನ ಮಟ್ಟ ಎರಡು. ವೇಗ ಹತ್ತು ನಿಮಿಷಕ್ಕೊಂದು ಮೆಟ್ಟಿಲು. ಸಾಧನ ತಾನು ಮಾಡಿದ್ದನ್ನು ಒಂದು ಸಾಲಿನಲ್ಲಿ ನನ್ನ ಫೋನಿನ ಮೂಲಕ ರಿಯಾಜ್ ಅವರ ಪರದೆಗೆ ಕಳಿಸುತ್ತದೆ. ನನ್ನಲ್ಲಿ ಏನಾಯಿತೆಂಬುದನ್ನು ನಾನು ಇನ್ನೊಂದು ಸಾಲಿನಲ್ಲಿ ಫೋನಿನಿಂದ ಕಳಿಸಬೇಕು. ನಾಡಿ ನೂರ ಮೂವತ್ತು ಮುಟ್ಟಿದರೆ ಒತ್ತಬೇಕಾದ ನಿಲ್ಲಿಸುವ ಗುಂಡಿ ರಿಯಾಜ್ ಅವರ ಕೈಯಲ್ಲಿ. ಚಿಕಿತ್ಸಾಲಯದಲ್ಲಿ ಮಧ್ಯಾಹ್ನ ಒಂದರವರೆಗೆ ಇದ್ದೆ. ಇಪ್ಪತ್ತನಾಲ್ಕು ಮೆಟ್ಟಿಲು. ಪ್ರತಿ ಸಲವೂ "ಏನೂ ಇಲ್ಲ" ಎಂದು ಬರೆದೆ. ನಾಡಿ ಎಪ್ಪತ್ತೆರಡು. ನಾಡಿ ನೋಡುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ, ಡಾಕ್ಟರ್ ತಮ್ಮ ಕಾರಿನಲ್ಲಿಯೇ ನನ್ನನ್ನು ಮನೆಗೆ ಬಿಟ್ಟರು. ಓಣಿಯ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು ಪುಸ್ತಕ ಓದುತ್ತ ಕೂತರು.

ಮನೆಯಲ್ಲಿಯೂ ಹಾಗೆಯೇ. ಎರಡು ಗಂಟೆಗೆ ಏನೂ ಇಲ್ಲ. ಮೂರಕ್ಕೆ ಏನೂ ಇಲ್ಲ. ಅವ್ವ ಪ್ರತಿ ಹತ್ತು ನಿಮಿಷಕ್ಕೆ ನನ್ನ ಮುಖ ನೋಡುತ್ತಿದ್ದಳು.

"ಏನಾರ ಆತೇನು?"

"ಇಲ್ಲ."

"ಹಿಂಗ ನೋಡ್ಕೋತ ಕುಂತ್ರ ಹಾಲೂ ಉಕ್ಕೂದಿಲ್ಲ. ನಾ ಕೊತ್ತಂಬರಿ ತರ್ತೀನಿ," ಎಂದು ಅವ್ವ ಎದ್ದಳು.

ಮೂರೂ ಐವತ್ತರ ಸಾಲು ಬರೆದು ಕಳಿಸಿದೆ. ಅವ್ವ ಬಾಗಿಲಲ್ಲಿ ಬಾಗಿ ಚಪ್ಪಲಿ ಮೆಟ್ಟುತ್ತಿದ್ದಳು. ಕಂದು ಚಪ್ಪಲಿ. ಎಡಗಾಲಿನದಕ್ಕೆ ಹೆಬ್ಬೆರಳಿನ ಬಳಿ ಬೇರೆ ಬಣ್ಣದ ದಾರದ ಹೊಲಿಗೆ. ದಿನವಿಡೀ ನಿಂತು ಕೆಲಸ ಮಾಡುವವಳ ಹಿಮ್ಮಡಿ ಹೊರಬದಿಯನ್ನು ಸವೆಸಿತ್ತು.

"ಅವು ಅಕ್ಕನ ಚಪ್ಪಲಿ," ಎಂದೆ.

ಅವ್ವ ತಿರುಗಿದಳು. "ಹೌದು."

"ಅಕ್ಕನ ಚಪ್ಪಲಿ ಯಾಕ ಹಾಕ್ಕೊಂಡಿ?"

"ವರ್ಷದ ಮ್ಯಾಲಾತು ಹಾಕ್ಕೊಳ್ಳಾಕತ್ತು. ದಿನಾ ನಿನ್ನ ಮುಂದನ ಮೆಟಗೊಂಡು ಹೋಗ್ತೀನಿ." ಅವಳ ದನಿ ಬದಲಾಯಿತು. "ಈಗ ಕಂಡ್ವೇನು ನಿನಗ?"

"ತಗಿ ಅವನ್ನ."

"ಯಾಕ ತಗೀಲಿ?"

"ತಗೀ ಅಂದ್ರ ತಗೀ! ಸವೀತಾವು! ಆಕಿ ಕಾಲಿನ ಗುರ್ತು ಅಳಿಸಿ ಹೋಗ್ತೈತಿ, ಇಷ್ಟೂ ತಿಳೀವಲ್ತೇನು ನಿನಗ!"

ಅಷ್ಟು ಜೋರಾದ ದನಿ ನನ್ನದು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಚಪ್ಪಲಿ ಬಿಟ್ಟಳು. ಬಿಟ್ಟು ನಿಂತಳು. ನಾನು ಅವನ್ನು ಎತ್ತಿಕೊಂಡೆ. ಎಡಗಾಲಿನ ಚಪ್ಪಲಿಯ ಒಳಗೆ ಹೆಬ್ಬೆರಳು ಒತ್ತಿದ ಕುಳಿಯಿತ್ತು. ಅದು ಅಕ್ಕನದೋ, ಒಂದು ವರ್ಷ ನಡೆದ ಅವ್ವನದೋ ನನಗೆ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ನನ್ನ ಟಿಪ್ಪಣಿಗಳಿಲ್ಲ. ಬರೆಯಬೇಕಿತ್ತು, ಬರೆಯಲಿಲ್ಲ. ಆ ನಲವತ್ತು ನಿಮಿಷಗಳಿಗೆ ರಿಯಾಜ್ ಇಟ್ಟ ದಾಖಲೆಯೇ ಆಧಾರ. ಹತ್ತು ನಿಮಿಷಕ್ಕೊಂದು ಮೆಟ್ಟಿಲು ಎಂಬ ವೇಗವನ್ನು ಆ ದಾಖಲೆಯ ಮೇಲೆಯೇ ನಿಗದಿಪಡಿಸಿದೆವು. ಈಗ ದಿನಕ್ಕೆ ಎಂಟು ಜನರನ್ನು ಕರೆಸುತ್ತಿದ್ದೇವೆ, ಪ್ರತಿಯೊಬ್ಬರ ಜೊತೆ ಮನೆಯವರೊಬ್ಬರನ್ನು. ಸೊಗಲದ ಮಾಸ್ತರರು ಎರಡನೆಯವರಾಗಿ ಬಂದರು. ದಾಖಲೆಯ ಆ ಪುಟವನ್ನು ಇದ್ದಂತೆಯೇ ಇಲ್ಲಿ ಕೊಡುತ್ತೇನೆ.

೩.೫೦. ಮೆಟ್ಟಿಲು ೩೭೦. ನಾಡಿ ೭೪. ಮನೆಯಿಂದ ಸಾಲು: ಏನೂ ಇಲ್ಲ.

೪.೦೦. ಮೆಟ್ಟಿಲು ೩೬೯. ನಾಡಿ ೧೦೯. ಮನೆಯಿಂದ ಸಾಲು ಬಂದಿಲ್ಲ.

೪.೧೦. ಮೆಟ್ಟಿಲು ೩೬೮. ನಾಡಿ ೧೧೮. ಸಾಲು ಬಂದಿಲ್ಲ. ಫೋನ್ ಮಾಡಿದೆ. ತಾಯಿಯವರು ಎತ್ತಿದರು. ಹೇಳಿಕೆ: "ಆಕಿ ಈಗ ಬರಿಯೂದಿಲ್ಲ. ನೀನ ಬರಕೋ. ಅಳಾಕತ್ತಾಳ."

೪.೨೦. ಮೆಟ್ಟಿಲು ೩೬೭. ನಾಡಿ ೧೨೬. ಡಾಕ್ಟರ್ ಮನೆಯೊಳಗೆ ಹೋಗಿದ್ದಾರೆ. ಉಸಿರಾಟ ಸರಿಯಿದೆ ಎಂದರು. ನಾಗವೇಣಿ ಮೇಡಂ ಹೊಸ್ತಿಲ ಮೇಲೆ ಮಲಗಿದ್ದಾರಂತೆ, ಏಳುತ್ತಿಲ್ಲವಂತೆ. ತಾಯಿಯವರು ಪಕ್ಕದಲ್ಲಿ ಮಲಗಿದ್ದಾರೆ.

೪.೩೦. ಮೆಟ್ಟಿಲು ೩೬೬. ನಾಡಿ ೧೨೯. ಮಿತಿ ೧೩೦. ಫೋನ್ ಮಾಡಿ, ನಿಲ್ಲಿಸಲೇ ಎಂದು ಕೇಳಿದೆ. ತಾಯಿಯವರು ಫೋನನ್ನು ಮಗಳ ಬಾಯಿಯ ಹತ್ತಿರ ಹಿಡಿದರು. ಮಾತು ಸ್ಪಷ್ಟವಿರಲಿಲ್ಲ. ಇನ್ನೊಮ್ಮೆ ಕೇಳಿದೆ. ಮೂರನೆಯ ಸಲ ತಿಳಿಯಿತು. "ಬ್ಯಾಡ," ಅಂದರು. "ನಿಲ್ಲಸಬ್ಯಾಡ್ರಿ."